ವಾರಾಂತ್ಯ ಯಾರಿಗೆ: ಕಾನ್ಫರೆನ್ಸಿಗೋ, ಅನಿಮೆಗೋ?

ಪ್ರಶ್ನೆ: ನನಗೆ 25 ವರ್ಷ. ಊರು ಹಾಸನದ ಹತ್ತಿರ, ಕೆಲಸ ಮೈಸೂರಿನಲ್ಲಿ, ಸಾಫ್ಟ್‌ವೇರ್ ಟೆಸ್ಟಿಂಗ್. ಶನಿವಾರ, ಭಾನುವಾರ ಹೊಸ ಅನಿಮೆ (ಜಪಾನಿನ ಆನಿಮೇಷನ್ ಸರಣಿ, ಸಿನಿಮಾ) ನೋಡುವುದರಲ್ಲೇ ಕಳೆಯುತ್ತದೆ. 2025ರ ಸೆಪ್ಟೆಂಬರಿನಲ್ಲಿ ಗೆಳೆಯನೊಬ್ಬ ಬೆಂಗಳೂರಿನ ಪೈಕಾನ್ ಇಂಡಿಯಾಗೆ, ಅಂದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯವರ ಕಾನ್ಫರೆನ್ಸಿಗೆ, ಕರೆದ. ಅದು ಶುರುವಾದ ದಿನವೇ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಬಿಡುಗಡೆ. ನಾನು ಸಿನಿಮಾಗೆ ಹೋದೆ. ಅವನು ಇವತ್ತಿಗೂ ಆಡಿಕೊಳ್ಳುತ್ತಾನೆ. ಇಂಥ ಕಾನ್ಫರೆನ್ಸ್‌ಗಳಿಂದ ನಿಜವಾಗಿ ಏನು ಸಿಗುತ್ತದೆ? ಟಾಕ್‌ಗಳೆಲ್ಲ ಯೂಟ್ಯೂಬಿಗೆ ಬರುತ್ತವಲ್ಲ? ಅಲ್ಲಿ ಯಾರೂ ಗೊತ್ತಿಲ್ಲ, ಇಂಗ್ಲಿಷ್ ತಡವರಿಸುತ್ತದೆ, ನಾನು ಡೆವಲಪರ್ ಕೂಡ ಅಲ್ಲ. ಅನಿಮೆ ಹುಚ್ಚಿದೆ ಅಂತ ಅಲ್ಲಿ ಹೇಳಿಕೊಳ್ಳಬಹುದಾ, ಮುಚ್ಚಿಡಬೇಕಾ?

ಉತ್ತರ: ಮೊದಲು ಗೆಳೆಯನ ವಿಷಯ ಮುಗಿಸೋಣ. ಸಿನಿಮಾಗೆ ಹೋದದ್ದರಲ್ಲಿ ತಪ್ಪೇನೂ ಇಲ್ಲ. ಆ ಸಲದ ಪೈಕಾನ್ ಇಂಡಿಯಾ ಸೆಪ್ಟೆಂಬರ್ 12ರ ಶುಕ್ರವಾರದಿಂದ 15ರ ಸೋಮವಾರದವರೆಗೆ ಇತ್ತು. ಮುಖ್ಯ ಟಾಕ್‌ಗಳು ಇರುವುದು ಶನಿವಾರ, ಭಾನುವಾರ. ಶುಕ್ರವಾರ ಬೆಳಗಿನ ಶೋ ನೋಡಿ ಸಂಜೆ ಮೈಸೂರಿನಲ್ಲಿ ರೈಲು ಹತ್ತಿದ್ದರೂ ಆ ಟಾಕ್‌ಗಳು ತಪ್ಪಿಹೋಗುತ್ತಿರಲಿಲ್ಲ. ಎರಡರಲ್ಲಿ ಒಂದೇ ಅಂತ ಅವನು ಹೇಳಿದ, ನೀವು ನಂಬಿದಿರಿ, ಅಷ್ಟೇ.

ಇನ್ನು ಯೂಟ್ಯೂಬ್. ನೀವು ಹೇಳಿದ್ದು ಸರಿ. ಟಾಕ್ ಕೇಳುವುದಕ್ಕಾಗಿಯೇ ಕಾನ್ಫರೆನ್ಸಿಗೆ ಹೋಗಬೇಕಾಗಿಲ್ಲ. ಪೈಕಾನ್ ಇಂಡಿಯಾ, ಓಪನ್ ಸೋರ್ಸ್‌ನವರ (ಕೋಡನ್ನು ಎಲ್ಲರಿಗೂ ತೆರೆದಿಡುವ ಸಾಫ್ಟ್‌ವೇರಿನವರ) ಇಂಡಿಯಾಫಾಸ್, ಬ್ರಸೆಲ್ಸ್‌ನ ಫಾಸ್‌ಡೆಮ್, ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನವರ ಡೆಬ್‌ಕಾನ್, ಎಲ್ಲವೂ ತಮ್ಮ ಟಾಕ್‌ಗಳನ್ನು ಚಿತ್ರೀಕರಿಸಿ ಪುಕ್ಕಟೆ ಹಾಕುತ್ತವೆ. ಮನೆಯಲ್ಲಿ ಕೂತು ಒಂದೂವರೆ ಪಟ್ಟು ವೇಗದಲ್ಲಿ, ಗೊತ್ತಾಗದ ಕಡೆ ಹಿಂದಕ್ಕೆ ಹೋಗಿ ನೋಡಿದರೆ ಸಭಾಂಗಣದಲ್ಲಿ ಕೂತವರಿಗಿಂತ ನಿಮಗೇ ಹೆಚ್ಚು ಅರ್ಥವಾಗುತ್ತದೆ. ಆದರೆ ಕ್ಯಾಮೆರಾ ಇರುವುದು ವೇದಿಕೆಯ ಎದುರು ಮಾತ್ರ. ಟಾಕ್ ಮುಗಿದ ಮೇಲೆ ಸ್ಪೀಕರ್ ಕೆಳಗಿಳಿದು ಬಾಗಿಲ ಬಳಿ ನಿಂತಾಗ, ಸುತ್ತ ಐದಾರು ಜನ ಸೇರಿ “ನೀವು ಹೇಳಿದ್ದು ನಮ್ಮಲ್ಲಿ ನಡೆಯಲಿಲ್ಲ ಸಾರ್” ಅಂತ ಶುರುಮಾಡುತ್ತಾರಲ್ಲ, ಅದು ಯಾವ ಚಾನೆಲ್‌ಗೂ ಬರುವುದಿಲ್ಲ. ವೇದಿಕೆಯ ಮೇಲೆ “ಇದು ಸಲೀಸಾಗಿ ಓಡುತ್ತಿದೆ” ಎಂದವರು ಬಾಗಿಲ ಬಳಿ “ಓಡುತ್ತೆ, ಆದ್ರೆ ತಿಂಗಳಿಗೊಂದು ಸಲ ರಾತ್ರಿ ಎರಡಕ್ಕೆ ಬೀಳುತ್ತೆ” ಅನ್ನುತ್ತಾರೆ. ಟೆಸ್ಟಿಂಗ್‌ನವರಾದ ನಿಮಗೆ ಬೇಕಾದದ್ದು ಈ ಎರಡನೆಯ ವಾಕ್ಯ.

ಅದಕ್ಕೆ ನಾನು ಹೊಸಬರಿಗೆ ಹೇಳುವುದು ಹೀಗೆ: ಟಾಕ್‌ಗಳ ಪಟ್ಟಿಯಲ್ಲಿ ದಿನಕ್ಕೆ ಮೂರು ಮಾತ್ರ ಗುರುತು ಹಾಕಿಕೊಳ್ಳಿ, ಮಿಕ್ಕ ಹೊತ್ತು ಕಾರಿಡಾರಿಗೆ ಬಿಡಿ. ಪಟ್ಟಿ ನೋಡಿ ಆರಿಸುವ ಕಲೆ ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಬಂದಾಗ ಹತ್ತಾರು ಹೊಸ ಸರಣಿಗಳ ಪಟ್ಟಿ ಹಿಡಿದು, ನಿರ್ದೇಶಕರು ಯಾರು, ಸ್ಟುಡಿಯೊ ಯಾವುದು, ಚಿತ್ರಕಥೆ ಯಾರದು ಅಂತ ನೋಡಿ ನಾಲ್ಕೈದಕ್ಕೆ ಇಳಿಸುವವರು ನೀವು. ಟಾಕ್‌ಗೂ ಹಾಗೇ ಮಾಡಿ. ಶೀರ್ಷಿಕೆ ನಂಬಬೇಡಿ, ಸ್ಪೀಕರ್ ಯಾವ ಪ್ರಾಜೆಕ್ಟಿನಲ್ಲಿ ಕೈಯಾರೆ ಕೆಲಸ ಮಾಡಿದ್ದಾರೆ ನೋಡಿ. ಈ ವರ್ಷದ ಬಿಸಿಬಿಸಿ ಹೆಸರು ಶೀರ್ಷಿಕೆಯಲ್ಲಿ ಇದ್ದು, ವಿವರಣೆಯಲ್ಲಿ ಒಂದೂ ನಿರ್ದಿಷ್ಟ ಮಾತಿಲ್ಲದಿದ್ದರೆ ಬಿಟ್ಟುಬಿಡಿ. “ನಾವು ಹೀಗೆ ಮಾಡಿ ಕೆಟ್ಟೆವು” ಎನ್ನುವ ಧಾಟಿಯದು ಕಂಡರೆ ಮೊದಲ ಸಾಲಿನಲ್ಲಿ ಕೂರಿ.

ಮೂರು ಎಪಿಸೋಡ್ ನೋಡಿ ಹಿಡಿಸದಿದ್ದರೆ ಬಿಡುವುದು ಅನಿಮೆ ನೋಡುವವರ ರೂಢಿ. ಟಾಕ್‌ಗೆ ಅಷ್ಟು ತಾಳ್ಮೆಯೂ ಬೇಡ. ಒಂದೇ ಹೊತ್ತಿಗೆ ಮೂರು ನಾಲ್ಕು ಕಡೆ ಟಾಕ್ ನಡೆಯುವಾಗ ಹತ್ತು ನಿಮಿಷದಲ್ಲಿ ಎದ್ದು ಬರುವುದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ, ಹಿಂದಿನ ಸಾಲಿನ ತುದಿಯಲ್ಲಿ ಕೂತಿದ್ದರೆ ಸಾಕು. ಹ್ಯಾರಿಸನ್ ಓವನ್ ಎಂಬವರು ರೂಪಿಸಿದ ಓಪನ್ ಸ್ಪೇಸ್ ಎಂಬ ಸಭಾ ಪದ್ಧತಿಯಲ್ಲಿ ಇದು ನಿಯಮವೇ ಆಗಿದೆ: ನೀವು ಕಲಿಯುತ್ತಲೂ ಇಲ್ಲ, ಕೊಡುತ್ತಲೂ ಇಲ್ಲ ಅನ್ನಿಸಿದರೆ ನಿಮ್ಮ ಎರಡು ಕಾಲು ಬಳಸಿ ಬೇರೆಡೆಗೆ ಹೋಗಿ. ಪೈಕಾನ್‌ಗಳಲ್ಲಿ ಇಂಥ ಓಪನ್ ಸ್ಪೇಸ್‌ಗಳು ಇರುತ್ತವೆ. ಒಂದು ಬೋರ್ಡು, ಅದರ ಮೇಲೆ ಹೊತ್ತು ಮತ್ತು ಕೋಣೆಯ ಚೌಕಗಳು, ಪಕ್ಕದಲ್ಲಿ ಹಳದಿ ಚೀಟಿ, ಪೆನ್ನು. ಯಾರು ಬೇಕಾದರೂ ವಿಷಯ ಬರೆದು ಅಂಟಿಸಬಹುದು. ಆ ಬೋರ್ಡಿನ ಹತ್ತಿರ ಹತ್ತು ನಿಮಿಷ ಸುಮ್ಮನೆ ನಿಂತರೆ, ಮುದ್ರಿತ ಕಾರ್ಯಕ್ರಮ ಪಟ್ಟಿ ಹೇಳದ್ದನ್ನು ಅದು ಹೇಳುತ್ತದೆ: ಈ ವರ್ಷ ಜನ ಯಾವುದಕ್ಕೆ ತಲೆ ಕೆಡಿಸಿಕೊಂಡಿದ್ದಾರೆ ಅನ್ನುವುದನ್ನು.

ಸಮುದಾಯ ನಡೆಸುವ ಕಾನ್ಫರೆನ್ಸ್ ಎಂದರೆ ಏನು ಅಂತ ನೀವು ಕೇಳಿಲ್ಲ, ಆದರೂ ಹೇಳಬೇಕು. ಬೆಂಗಳೂರಿನಲ್ಲಿ ವಾರಕ್ಕೊಂದು ‘ಸಮಿಟ್’ ನಡೆಯುತ್ತದೆ, ಎಲ್ಲವೂ ಒಂದೇ ಅಲ್ಲ. ವ್ಯಾಪಾರಿ ಸಮಿಟ್‌ನಲ್ಲಿ ವೇದಿಕೆಯೇ ಮಾರಾಟಕ್ಕಿರುತ್ತದೆ. ಪ್ರಾಯೋಜಕರು ಹಣ ಕೊಟ್ಟರೆ ಅರ್ಧ ಗಂಟೆ ಅವರದ್ದು. ಸಮುದಾಯದ್ದರಲ್ಲಿ ಟಾಕ್‌ಗಳಿಗೆ ಎಲ್ಲರಿಂದ ಅರ್ಜಿ ಕರೆಯುತ್ತಾರೆ, ವಾಲಂಟಿಯರ್‌ಗಳು ಕೂತು ಓದಿ ಆರಿಸುತ್ತಾರೆ. ಸ್ಪೀಕರ್‌ಗಳಿಗೆ ಸಾಮಾನ್ಯವಾಗಿ ಸಂಭಾವನೆ ಇಲ್ಲ. ಟಿಕೆಟ್ ಹಣ, ಪ್ರಾಯೋಜಕರ ಹಣ ಎರಡೂ ಸಭಾಂಗಣ, ಊಟ, ಚಿತ್ರೀಕರಣಕ್ಕೆ ಹೋಗುತ್ತದೆ. ಪ್ರಾಯೋಜಕರಿಗೆ ಸ್ಟಾಲ್ ಸಿಗುತ್ತದೆ, ಅಲ್ಲಿ ಟೀಶರ್ಟು, ಸ್ಟಿಕ್ಕರು ಹಂಚಿಕೊಳ್ಳಲಿ, ತಕರಾರಿಲ್ಲ. ಟಿಕೆಟ್ ಕೊಳ್ಳುವ ಮೊದಲು ಅವರ ವೆಬ್‌ಸೈಟ್‌ನಲ್ಲಿ ಹಿಂದಿನ ವರ್ಷದ ಅರ್ಜಿಗಳ ಪಟ್ಟಿ, ನಡೆಸುವವರ ಹೆಸರು, ನಡತೆಯ ನಿಯಮಾವಳಿ, ವೀಡಿಯೊಗಳು ಕಾಣಿಸುತ್ತವೆಯೇ ನೋಡಿ. ನಾಲ್ಕೂ ಇದ್ದರೆ ಕಣ್ಣುಮುಚ್ಚಿ ಹೋಗಿ. ‘ದೂರದೃಷ್ಟಿಯ ನಾಯಕರು’ ಅಂತ ಸೂಟು ಹಾಕಿದವರ ಫೋಟೊ ಮಾತ್ರ ಇದ್ದರೆ ಆ ಶನಿವಾರ ಅನಿಮೆ ನೋಡುವುದೇ ವಾಸಿ.

ಈ ವಿಷಯದಲ್ಲಿ ಬೆಂಗಳೂರಿಗೆ ಹಳೆಯ ಪರಂಪರೆಯಿದೆ. 2001ರಲ್ಲಿ ಇಲ್ಲಿನ ಲಿನಕ್ಸ್ ಬಳಕೆದಾರರು ಸೇರಿ ಲಿನಕ್ಸ್ ಬೆಂಗಳೂರು ಎಂಬ ಕಾನ್ಫರೆನ್ಸ್ ಶುರುಮಾಡಿದರು. 2005ರಲ್ಲಿ ಅದೇ ಫಾಸ್ ಡಾಟ್ ಇನ್ ಆಯಿತು. ಅತುಲ್ ಚಿಟ್ನಿಸ್ ಅದರ ಮುಂದಾಳು. 2012ರದ್ದು ಕೊನೆಯದು, ಮರುವರ್ಷ ಅವರು ತೀರಿಕೊಂಡರು. ಪೈಕಾನ್ ಇಂಡಿಯಾದ ಮೊದಲ ಕೂಟ ಸೇರಿದ್ದೂ ಇಲ್ಲೇ, 2009ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ). ಆಮೇಲೆ ಅದು ಊರೂರು ಸುತ್ತಿ, 2024ರಲ್ಲಿ ಮತ್ತು 2025ರಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್ ಕನ್ವೆನ್ಷನ್ ಸೆಂಟರಿಗೆ ಬಂತು. ಫಾಸ್ ಯುನೈಟೆಡ್ ಎಂಬ ಓಪನ್ ಸೋರ್ಸ್ ಸಂಸ್ಥೆಯವರ ಇಂಡಿಯಾಫಾಸ್ ಕೂಡ ಆ ಎರಡೂ ವರ್ಷ ಅದೇ ಕಟ್ಟಡದಲ್ಲಿ, ಅದೇ ಸೆಪ್ಟೆಂಬರ್ ತಿಂಗಳಲ್ಲಿ ನಡೆಯಿತು.

ಈಗ ನಿಮ್ಮ ನಿಜವಾದ ಭಯಕ್ಕೆ ಬರೋಣ: ಯಾರೂ ಗೊತ್ತಿಲ್ಲ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಮದ್ದು ಒಂದೇ, ವಾಲಂಟಿಯರ್ ಆಗುವುದು. ಗುರುತಿಲ್ಲದ ಮದುವೆ ಮನೆಯಲ್ಲಿ ಕುರ್ಚಿ ಹಿಡಿದು ಕೂತವನನ್ನು ಯಾರೂ ಮಾತಾಡಿಸುವುದಿಲ್ಲ. ಅವನೇ ಸಾರಿನ ಬಕೆಟ್ಟು ಹಿಡಿದು ಪಂಕ್ತಿಗೆ ಇಳಿದರೆ ಅರ್ಧ ಗಂಟೆಯಲ್ಲಿ ಎಲ್ಲರ ಮನೆಯವನಾಗುತ್ತಾನೆ. ಇಲ್ಲೂ ಹಾಗೇ. ಬೆಳಿಗ್ಗೆ ಎಂಟಕ್ಕೆ ನೋಂದಣಿ ಮೇಜಿನ ಹಿಂದೆ ನಿಂತು ನೋಡಿ. ಎದುರಿಗೆ ಸಾಲು, ಒಬ್ಬರು ಫೋನಿನಲ್ಲಿ ಟಿಕೆಟ್ ಹುಡುಕುತ್ತಿರುತ್ತಾರೆ, ಇನ್ನೊಬ್ಬರ ಹೆಸರು ಬ್ಯಾಡ್ಜಿನಲ್ಲಿ ತಪ್ಪಾಗಿ ಅಚ್ಚಾಗಿರುತ್ತದೆ, ಮೂರನೆಯವರು ಬ್ಯಾಗು ಎಲ್ಲಿಡಲಿ ಅನ್ನುತ್ತಾರೆ. ನೀವು ಮಾತು ಹುಡುಕುವ ಪ್ರಮೇಯವೇ ಇಲ್ಲ. ಸಂಜೆ ಹೊತ್ತಿಗೆ ಅದೇ ಮುಖಗಳು ಕಾಫಿಯ ಬಳಿ ಸಿಕ್ಕಾಗ “ಬೆಳಿಗ್ಗೆ ಬ್ಯಾಡ್ಜ್ ಕೊಟ್ರಲ್ಲ, ನೀವೇ ಅಲ್ವಾ?” ಅನ್ನುತ್ತವೆ. ಮಾತು ಶುರುವಾಯಿತು. ವಾಲಂಟಿಯರ್‌ಗಳನ್ನು ಕಾರ್ಯಕ್ರಮಕ್ಕೆ ತಿಂಗಳುಗಳ ಮೊದಲೇ ಕರೆಯುತ್ತಾರೆ, ಅನುಭವ ಕೇಳುವುದು ಕಡಿಮೆ. ಒಂದೇ ಎಚ್ಚರಿಕೆ: ಪೂರ್ತಿ ಎರಡು ದಿನ ಒಪ್ಪಿಕೊಳ್ಳಬೇಡಿ. ಅರ್ಧ ದಿನ ಕೆಲಸ, ಮಿಕ್ಕದ್ದು ನಿಮ್ಮದು ಅಂತ ಮೊದಲೇ ಹೇಳಿ. ಒಪ್ಪಿಕೊಂಡವರ ತಲೆಗೇ ಎಲ್ಲವನ್ನೂ ಕಟ್ಟುವ ಅಭ್ಯಾಸ ಸ್ವಯಂಸೇವೆಯ ಜಗತ್ತಿನಲ್ಲಿ ಎಲ್ಲ ಕಡೆಯೂ ಇದೆ.

ವಾಲಂಟಿಯರ್ ಆಗುವುದು ಬೇಡ ಅಂದರೆ ಕಾರಿಡಾರಿನಲ್ಲಿ ಗುಂಪುಗಳನ್ನು ಗಮನಿಸಿ. ಎರಿಕ್ ಹೋಲ್ಶರ್ ಎಂಬವರು ಹೇಳಿಕೊಟ್ಟ ಪ್ಯಾಕ್‌ಮ್ಯಾನ್ ನಿಯಮ ಈಗ ಬಹಳ ಕಡೆ ಚಾಲ್ತಿಯಲ್ಲಿದೆ: ನಿಂತು ಮಾತಾಡುವ ಗುಂಪು ಪೂರ್ತಿ ವೃತ್ತ ಕಟ್ಟಬಾರದು, ಒಬ್ಬರು ಬಂದು ನಿಲ್ಲುವಷ್ಟು ಬಾಯಿ ತೆರೆದಿರಬೇಕು. ಹಾಗೆ ಬಾಯಿ ತೆರೆದ ಗುಂಪು ಕಂಡರೆ ಹೋಗಿ ನಿಂತುಬಿಡಿ. ಐದು ನಿಮಿಷ ಕೇಳುತ್ತಾ ನಿಲ್ಲುವುದು ಅಸಭ್ಯತೆ ಅಲ್ಲ. ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: “ನಿಮ್ಮಲ್ಲಿ ಇದನ್ನ ಟೆಸ್ಟ್ ಮಾಡೋದು ಹೇಗೆ?” ಯಾವ ವಿಷಯಕ್ಕೂ ಹೊಂದುತ್ತದೆ, ಮತ್ತು ಡೆವಲಪರ್‌ಗಳು ಇದ್ದಕ್ಕಿದ್ದಂತೆ ಪ್ರಾಮಾಣಿಕರಾಗುವ ಪ್ರಶ್ನೆ ಅದು.

ಇಂಗ್ಲಿಷ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಾಕ್‌ಗಳು ಇಂಗ್ಲಿಷಿನಲ್ಲೇ ಹೆಚ್ಚು, ನಿಜ. ಕಾರಿಡಾರಿನಲ್ಲಿ ಹಾಗಿಲ್ಲ. ಕನ್ನಡ, ತಮಿಳು, ಹಿಂದಿ, ಮಲಯಾಳ ಎಲ್ಲ ಓಡುತ್ತಿರುತ್ತವೆ, ಮತ್ತು ಅಲ್ಲಿ ಇಂಗ್ಲಿಷ್ ಮಾತಾಡುವವರಲ್ಲಿ ಅರ್ಧದಷ್ಟು ಜನ ನಿಮ್ಮ ಹಾಗೇ ಮನಸ್ಸಿನಲ್ಲಿ ವಾಕ್ಯ ಜೋಡಿಸಿಕೊಂಡು ಆಡುವವರು. ನಿಮ್ಮ ಕೆಲಸವನ್ನು ಎರಡು ವಾಕ್ಯದಲ್ಲಿ ಹೇಳುವುದನ್ನು ರೈಲಿನಲ್ಲಿ ಅಭ್ಯಾಸ ಮಾಡಿಕೊಳ್ಳಿ, ಸಾಕು.

“ನಾನು ಡೆವಲಪರ್ ಕೂಡ ಅಲ್ಲ” ಎಂಬ ನಿಮ್ಮ ಸಾಲಿಗೆ ಮಾತ್ರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಾನ್ಫರೆನ್ಸಿನ ಕೊನೆಯ ದಿನ ಸಾಮಾನ್ಯವಾಗಿ ಸ್ಪ್ರಿಂಟ್ ಇರುತ್ತದೆ. ಟಾಕ್ ಇಲ್ಲ, ಮೇಜಿಗೊಂದು ಪ್ರಾಜೆಕ್ಟು, ಅದನ್ನು ಬರೆದವರೇ ಅಲ್ಲಿ ಕೂತಿರುತ್ತಾರೆ, ಸೇರಿ ಕೆಲಸ ಮಾಡುವುದು. ಜನ ಕಡಿಮೆ, ಸದ್ದು ಕಡಿಮೆ. ನನ್ನ ಪ್ರಕಾರ ಇಡೀ ಕಾನ್ಫರೆನ್ಸಿನಲ್ಲಿ ಬೆಲೆಬಾಳುವ ದಿನ ಇದೇ, ಹೊಸಬರು ಶನಿವಾರ, ಭಾನುವಾರ ಮುಗಿಸಿ ಊರಿಗೆ ಹೊರಟು ತಪ್ಪಿಸಿಕೊಳ್ಳುವುದೂ ಇದನ್ನೇ. ಓಪನ್ ಸೋರ್ಸ್ ಪ್ರಾಜೆಕ್ಟ್ ನಡೆಸುವವರಿಗೆ ಕೋಡ್ ಬರೆಯುವವರು ಹೇಗೋ ಸಿಗುತ್ತಾರೆ. ‘ಓಡುತ್ತಿಲ್ಲ’ ಅಂತ ಒಂದೇ ಸಾಲು ಬರೆದುಹೋದ ನೂರು ದೂರುಗಳಲ್ಲಿ ಯಾವುದು ನಿಜ, ಯಾವುದು ಹಳೆಯದು, ಯಾವ ಹೆಜ್ಜೆಗೆ ಅದು ಮತ್ತೆ ಮರುಕಳಿಸುತ್ತದೆ ಅಂತ ಕೂತು ನೋಡುವವರು ಸಿಗುವುದಿಲ್ಲ. ಅದು ನಿಮ್ಮ ದಿನನಿತ್ಯದ ಕಸುಬು. ಒಂದು ಬೆಳಗಿನಲ್ಲಿ ಹತ್ತು ದೂರುಗಳನ್ನು ಪರೀಕ್ಷಿಸಿ, ನಾಲ್ಕನ್ನು ಮುಚ್ಚಬಹುದು, ಮೂರು ನನ್ನ ಮಷಿನ್ನಿನಲ್ಲೂ ಬರುತ್ತಿವೆ, ಹೆಜ್ಜೆಗಳು ಇವು ಅಂತ ಬರೆದುಕೊಟ್ಟರೆ ಆ ಮೇಜಿನವರು ನಿಮ್ಮ ಹೆಸರು ಮರೆಯುವುದಿಲ್ಲ.

ಹಾಗೆ ನೋಡಿದರೆ ನಿಮ್ಮ ಹವ್ಯಾಸಕ್ಕೂ ಈ ಕೆಲಸಕ್ಕೂ ನೀವು ಅಂದುಕೊಂಡಷ್ಟು ದೂರವಿಲ್ಲ. ಇವತ್ತು ಎಲ್ಲರೂ ಬಳಸುವ ಎಷ್ಟೋ ಓಪನ್ ಸೋರ್ಸ್ ವೀಡಿಯೊ ಉಪಕರಣಗಳು ಹದಗೊಂಡದ್ದೇ ಎಪಿಸೋಡ್‌ಗಳಿಗೆ ತಾವೇ ಸಬ್‌ಟೈಟಲ್ ಹಾಕಿ ಹಂಚುತ್ತಿದ್ದ ಅನಿಮೆ ಅಭಿಮಾನಿಗಳ ಕೈಯಲ್ಲಿ. ಸಬ್‌ಟೈಟಲ್ ತಯಾರಿಸುವ ಏಜಿಸಬ್ ನೋಡಿ. ಹಾಡಿನ ಜೊತೆ ಅಕ್ಷರ ಬಣ್ಣ ಬದಲಿಸಬೇಕು, ಪರದೆಯ ಮೇಲಿನ ಜಪಾನಿ ಬೋರ್ಡಿನ ಮೇಲೇ ಓರೆಯಾಗಿ ಅನುವಾದ ಕೂರಬೇಕು ಎಂಬ ಅವರ ಹಠ ಅದರ ತುಂಬ ಇದೆ. ಹಾಗೆ ಅಲಂಕರಿಸಿದ ಸಬ್‌ಟೈಟಲನ್ನು ಪರದೆಗೆ ಬಿಡಿಸುವ ಲಿಬ್ಯಾಸ್ ಎಂಬ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್) ಇವತ್ತು ಎಂಪಿವಿ, ವಿಎಲ್‌ಸಿ ಎರಡು ಪ್ಲೇಯರ್‌ಗಳಲ್ಲೂ ಕೆಲಸ ಮಾಡುತ್ತಿದೆ. ಸಬ್‌ಟೈಟಲ್ ಜೊತೆಗೆ ಫಾಂಟನ್ನೂ ಒಂದೇ ಫೈಲಿನೊಳಗೆ ಕಟ್ಟಿಕೊಡುವ ಎಂಕೆವಿ ಎಂಬ ವೀಡಿಯೊ ಫೈಲ್ ಮಾದರಿಯನ್ನು ಮೊದಮೊದಲು ಕೈಗೆತ್ತಿಕೊಂಡವರಲ್ಲಿ ಇವರೂ ಇದ್ದರು. ವೀಡಿಯೊ ಕುಗ್ಗಿಸುವ ಎಕ್ಸ್264ಕ್ಕೆ ‘ಆನಿಮೇಷನ್’ ಎಂಬ ಪ್ರತ್ಯೇಕ ಹೊಂದಾಣಿಕೆಯೇ ಇದೆ. ದೊಡ್ಡ ಸಮತಟ್ಟು ಬಣ್ಣ, ಚೂಪು ಗೆರೆಗಳಿರುವ ಚಿತ್ರವನ್ನು ಸಾಮಾನ್ಯ ಸಿನಿಮಾದ ಹಾಗೆ ಕುಗ್ಗಿಸಿದರೆ ಕೆಡುತ್ತದೆ, ಅದಕ್ಕೆ. ಅಭಿಮಾನಿಗಳು ಹಂಚಿದ ಎಪಿಸೋಡ್‌ಗಳಲ್ಲಿ ಕಾಪಿರೈಟ್ ಮೀರಿದ್ದೇ ಹೆಚ್ಚು, ಅದನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಉಪಕರಣಗಳು ಉಳಿದವು, ಎಲ್ಲರದ್ದೂ ಆದವು.

ಇಲ್ಲೇ ನಿಮಗೊಂದು ಕೆಲಸ ಕೊಡುತ್ತೇನೆ. ಕನ್ನಡದಲ್ಲಿ ಒಂದು ಪುಟ್ಟ ಸಬ್‌ಟೈಟಲ್ ಫೈಲ್ ಬರೆಯಿರಿ, ಹತ್ತು ಸಾಲು ಸಾಕು. ಅದರಲ್ಲಿ ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಕೀರ್ತಿ, ರ‍್ಯಾಂಕ್ ಇರಲಿ. ನೀವೇ ಫೋನಿನಲ್ಲಿ ತೆಗೆದ ಯಾವುದಾದರೂ ವೀಡಿಯೊಗೆ ಹಚ್ಚಿ, ಕಂಪ್ಯೂಟರಿನ ಎರಡು ಪ್ಲೇಯರು, ಫೋನಿನ ಎರಡು ಆ್ಯಪು, ಮನೆಯ ಟಿವಿ, ಎಲ್ಲದರಲ್ಲೂ ಓಡಿಸಿ. ‘ರಾಷ್ಟ್ರ’ದಲ್ಲಿ ಟ ಒತ್ತು, ರ ಒತ್ತು ಎರಡೂ ಜಾಗದಲ್ಲಿವೆಯೇ? ‘ಕೀರ್ತಿ’ಯ ಅರ್ಕಾವತ್ತು ಅಕ್ಷರದ ಬಲಕ್ಕೆ ಬಂದಿದೆಯೇ? ‘ರ‍್ಯಾಂಕ್’ನಲ್ಲಿ ರ ಪೂರ್ತಿ ನಿಂತು ಯ ಒತ್ತಾಗಬೇಕು. ಅದರ ಬದಲು ಅರ್ಕಾವತ್ತು ಮೂಡಿದರೆ, ನಡುವೆ ಇದ್ದ ಕಣ್ಣಿಗೆ ಕಾಣದ ಜೋಡಕವನ್ನು ಯಾರೋ ನುಂಗಿದ್ದಾರೆ ಅಂತ ಅರ್ಥ. ಎರಡು ಸಾಲಿನ ಸಬ್‌ಟೈಟಲ್‌ನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತಿದೆಯೇ ನೋಡಿ. ನಮ್ಮ ಲಿಪಿಯಲ್ಲಿ ಅಕ್ಷರ ಕೆಳಕ್ಕೂ ಬೆಳೆಯುತ್ತದೆ ಎಂಬುದು ರೋಮನ್ ಲಿಪಿಯನ್ನೇ ಕಣ್ಣಮುಂದಿಟ್ಟು ಸಾಲಿನ ಅಂತರ ನಿಗದಿ ಮಾಡಿದವರಿಗೆ ಹೊಳೆದಿರುವುದಿಲ್ಲ. ಲಿಬ್ಯಾಸ್‌ನೊಳಗೆ ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಝ್ ಎಂಬ ಇನ್ನೊಂದು ಓಪನ್ ಸೋರ್ಸ್ ಲೈಬ್ರರಿಯದು. ಹಾಗಾಗಿ ತಪ್ಪು ಕಂಡರೆ ಅದು ಫಾಂಟಿನದೋ, ಜೋಡಣೆಯದೋ, ಪ್ಲೇಯರಿನದೋ ಅಂತ ಬೇರ್ಪಡಿಸುವುದೇ ಒಂದು ಪತ್ತೇದಾರಿ. ಫಾಂಟ್ ಬದಲಿಸಿ ನೋಡಿ, ಆಮೇಲೆ ಅದೇ ಫಾಂಟನ್ನು ಬ್ರೌಸರಿನಲ್ಲಿ ನೋಡಿ. ಎರಡು ಶನಿವಾರಗಳ ಕೆಲಸ.

ಫಲಿತಾಂಶವನ್ನು ಒಂದು ಪಟ್ಟಿ ಮಾಡಿ, ಚಿತ್ರ ಸಮೇತ. ಕಾನ್ಫರೆನ್ಸ್‌ಗಳಲ್ಲಿ ಲೈಟ್ನಿಂಗ್ ಟಾಕ್ ಅಂತ ಐದು ನಿಮಿಷದ್ದು ಇರುತ್ತದೆ. ಸಾಮಾನ್ಯವಾಗಿ ಅದೇ ದಿನ ಬೆಳಿಗ್ಗೆ ಹೆಸರು ಕೊಟ್ಟರಾಯಿತು, ಆಯ್ಕೆ ಸಮಿತಿ ಅದು ಇದು ಏನಿಲ್ಲ. ಐದು ನಿಮಿಷದಲ್ಲಿ ನೀವು ತೋರಿಸಬೇಕಾದ್ದು ಆರು ಸ್ಕ್ರೀನ್‌ಶಾಟು. ತಪ್ಪಾಗಿ ಮೂಡಿದ ಒತ್ತಕ್ಷರ ದೊಡ್ಡ ಪರದೆಯ ಮೇಲೆ ಬಂದಾಗ ಸಭೆಯ ಕನ್ನಡದವರು, ತೆಲುಗಿನವರು, ಮಲಯಾಳದವರು ಎಲ್ಲರೂ ನಗುತ್ತಾರೆ, ಎಲ್ಲರ ಮನೆಯ ಕಥೆಯೂ ಅದೇ. ಇಳಿದು ಬಂದ ಮೇಲೆ ನೀವು ಯಾರನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವರೇ ಬರುತ್ತಾರೆ.

ಅಂದಮೇಲೆ ಅನಿಮೆ ಹುಚ್ಚನ್ನು ಮುಚ್ಚಿಡಬೇಕೇ? ನೋಡಿ, ಲಿನಕ್ಸ್ ಲೋಕದ ಅತಿ ಗಂಭೀರ ಪ್ರಾಜೆಕ್ಟುಗಳಲ್ಲೊಂದಾದ ಡೆಬಿಯನ್ 1996ರಿಂದ ತನ್ನ ಆವೃತ್ತಿಗಳಿಗೆಲ್ಲ ‘ಟಾಯ್ ಸ್ಟೋರಿ’ ಪಾತ್ರಗಳ ಹೆಸರಿಡುತ್ತಿದೆ, ಬಝ್‌ನಿಂದ ಹಿಡಿದು 2025ರ ಟ್ರಿಕ್ಸಿಯವರೆಗೆ. ಆಗ ಅದರ ಮುಂದಾಳಾಗಿದ್ದ ಬ್ರೂಸ್ ಪೆರೆನ್ಸ್ ಪಿಕ್ಸಾರ್‌ನ ಉದ್ಯೋಗಿ. ಕಾರ್ಟೂನ್ ನೋಡುವವರನ್ನು ಕಂಡು ನಗುವ ನಿಮ್ಮ ಆಫೀಸಿನವರ ಸರ್ವರುಗಳು ಇವತ್ತಿಗೂ ಒಂದು ಆಟಿಕೆಯ ಹೆಸರು ಹೊತ್ತು ಓಡುತ್ತಿರಬಹುದು.

ಜಪಾನಿನಲ್ಲಂತೂ ಈ ಎರಡು ಲೋಕಗಳ ನಡುವೆ ಗೋಡೆಯೇ ತೆಳು. ಟೋಕಿಯೊದ ಕಾಮಿಕೆಟ್ ಹೆಸರು ಕೇಳಿಯೇ ಇರುತ್ತೀರಿ. 1975ರ ಡಿಸೆಂಬರಿನಲ್ಲಿ ಶುರುವಾದ, ಅಭಿಮಾನಿಗಳು ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಕಗಳನ್ನು ಮಾರುವ ಕೂಟ ಅದು. ಮೊದಲ ಸಲ ಇದ್ದದ್ದು 32 ಗುಂಪು. ಈಗ ವರ್ಷಕ್ಕೆ ಎರಡು ಸಲ ಟೋಕಿಯೊ ಬಿಗ್ ಸೈಟ್ ತುಂಬುತ್ತದೆ, ನಡೆಸುವವರು ಇಂದಿಗೂ ವಾಲಂಟಿಯರ್‌ಗಳೇ. ಅಲ್ಲಿ ಗಿರಾಕಿ ಅಂತ ಯಾರೂ ಇಲ್ಲ, ಮಾರುವವರು, ಕೊಳ್ಳುವವರು, ಸಾಲು ನಿಲ್ಲಿಸುವವರು ಎಲ್ಲರೂ ಭಾಗಿಗಳೇ ಎಂಬುದು ಅದರ ಮೂಲ ಮಾತು. ಅದೇ ಪದ್ಧತಿಯನ್ನು ಎತ್ತಿಕೊಂಡು 2016ರಲ್ಲಿ ಟೋಕಿಯೊದ ಅಕಿಹಬಾರದಲ್ಲಿ ಗಿಜುತ್ಸು ಶೊತೆನ್ ಎಂಬ ಸಂತೆ ಹುಟ್ಟಿತು. ಅಲ್ಲಿ ಸಾಫ್ಟ್‌ವೇರಿನವರು ತಾವೇ ಬರೆದ ತಾಂತ್ರಿಕ ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಮಾರುತ್ತಾರೆ. ಒಂದು ಡೇಟಾಬೇಸಿನ ಒಳಗುಟ್ಟಿನ ಬಗ್ಗೆ ಸಣ್ಣದೊಂದು ಪುಸ್ತಕ, ಮುಖಪುಟದಲ್ಲಿ ಅನಿಮೆ ಹುಡುಗಿ. ಅದನ್ನು ಯಾರೂ ವಿಚಿತ್ರ ಅನ್ನುವುದಿಲ್ಲ. ರೂಬಿ ಎಂಬ ಪ್ರೋಗ್ರಾಮಿಂಗ್ ಭಾಷೆಯವರ ಕಾನ್ಫರೆನ್ಸ್ ರೂಬಿಕೈಗಿ ವರ್ಷಕ್ಕೊಂದು ಊರಿಗೆ ಹೋಗುತ್ತದೆ: 2023ರಲ್ಲಿ ಮಾತ್ಸುಮೊತೊ, 2024ರಲ್ಲಿ ಒಕಿನಾವಾದ ನಾಹಾ, 2025ರಲ್ಲಿ ಮಾತ್ಸುಯಾಮಾ. ಜಪಾನ್ ನೋಡುವ ಆಸೆ ನಿಮಗಿದ್ದೇ ಇರುತ್ತದೆ. ಮೂರು ನಾಲ್ಕು ವರ್ಷ ಬಿಟ್ಟು ಹೋಗುವುದಾದರೆ ಅಕಿಹಬಾರದ ಅಂಗಡಿ ಸುತ್ತುವುದರ ಜೊತೆಗೆ ಇಂಥದ್ದೊಂದನ್ನೂ ಸೇರಿಸಿಕೊಂಡು ದಿನಾಂಕ ಇಟ್ಟುಕೊಳ್ಳಿ.

ಆದ್ದರಿಂದ ಮುಚ್ಚಿಡಬೇಡಿ. ಹಾಗಂತ ಹೋದಲ್ಲೆಲ್ಲ ಅದನ್ನೇ ಹರಡಲೂ ಬೇಡಿ. ಲ್ಯಾಪ್‌ಟಾಪಿನ ಮೇಲೆ ಇಷ್ಟದ ಸರಣಿಯ ಒಂದು ಸ್ಟಿಕ್ಕರ್ ಇರಲಿ. ಗೊತ್ತಿರುವವರು ತಾವಾಗಿ ಕೇಳುತ್ತಾರೆ, ಗೊತ್ತಿಲ್ಲದವರಿಗೆ ಅದೊಂದು ಚಿತ್ರ. ಸ್ಲೈಡಿನಲ್ಲಿ ಅನಿಮೆ ಚಿತ್ರ ಹಾಕುವಾಗ ಮಾತ್ರ ಎಚ್ಚರ. ಕಾಪಿರೈಟ್ ಒಂದು ಕಡೆ, ನಡತೆಯ ನಿಯಮಾವಳಿ ಇನ್ನೊಂದು ಕಡೆ. ನಿಮಗೆ ನೋಡಿ ನೋಡಿ ಅಭ್ಯಾಸವಾದ ಈಜುಡುಗೆ ದೃಶ್ಯ ಮುನ್ನೂರು ಜನರ ಸಭೆಯಲ್ಲಿ ಬೇರೆಯೇ ಆಗಿ ಕಾಣುತ್ತದೆ, ಮತ್ತು ದೂರು ಬಂದರೆ “ಅದು ಕಾಮಿಡಿ ಸೀನ್” ಎಂಬ ವಿವರಣೆ ನಡೆಯುವುದಿಲ್ಲ. ಇನ್ನೊಂದು ಮಾತು, ಯಾರೂ ಹೇಳುವುದಿಲ್ಲ ಅಂತ ಹೇಳುತ್ತಿದ್ದೇನೆ: ಒಬ್ಬ ಹುಡುಗಿಯ ಬ್ಯಾಗಿನಲ್ಲಿ ನಿಮ್ಮ ಮೆಚ್ಚಿನ ಪಾತ್ರದ ಕೀಚೈನ್ ಕಂಡಿತು ಅಂತ ಅವರನ್ನು ಅರ್ಧ ಗಂಟೆ ಹಿಡಿದು ನಿಲ್ಲಿಸಬೇಡಿ. ಅವರೂ ನಿಮ್ಮ ಹಾಗೇ ಕೆಲಸದ ಮಾತಿಗೆ ಬಂದವರು. ಒಂದು ನಗು, ಒಂದು ವಾಕ್ಯ, ಮುಂದಿನದ್ದು ಅವರಿಗೆ ಬಿಟ್ಟದ್ದು.

ಹೊಂದಿಸಿಕೊಳ್ಳುವುದು ಹೇಗೆ ಅನ್ನುವುದು ಕಷ್ಟದ ಲೆಕ್ಕವೇನಲ್ಲ. ಸೆಪ್ಟೆಂಬರಿನ ಕಾನ್ಫರೆನ್ಸ್‌ಗಳು ಜುಲೈನಲ್ಲಿ ಶುರುವಾಗುವ ಜಪಾನಿನ ಬೇಸಿಗೆ ಸೀಸನ್ನಿನ ಕೊನೆಯ ಎಪಿಸೋಡ್‌ಗಳ ಮೇಲೆ ಬೀಳುತ್ತವೆ. ತೊಂದರೆ ಇರುವುದು ಅಲ್ಲೇ, ಅಕ್ಟೋಬರಿನ ಹೊಸ ಸರಣಿಗಳದ್ದಲ್ಲ. ಆದರೆ ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿನ ಟಿವಿ ಪಟ್ಟಿಯಲ್ಲಿ ಶುಕ್ರವಾರ 25:30 ಅಂತ ಬರೆದಿರುತ್ತಾರಲ್ಲ, ಅದು ಶನಿವಾರ ನಸುಕಿನ ಒಂದೂವರೆ, ನಮಗೆ ಶುಕ್ರವಾರ ರಾತ್ರಿ ಹತ್ತು. ದಿನಾಂಕ, ಸಮಯ ಸಂಭಾಳಿಸುವ ಯಾವುದಾದರೂ ಪ್ರೋಗ್ರಾಂ ಪರೀಕ್ಷಿಸುವಾಗ ಈ 25:30 ಕೊಟ್ಟು ನೋಡಿ, ಮಜಾ ಇರುತ್ತದೆ. ನಡುರಾತ್ರಿಯ ಸರಣಿಗಳು ಇಲ್ಲಿ ಅಧಿಕೃತವಾಗಿ ಬರುವುದು ಬಹುಪಾಲು ಕಾನ್ಫರೆನ್ಸ್ ಹೊತ್ತು ಮುಗಿದ ಮೇಲೆಯೇ. ಆದರೂ ಆ ಎರಡು ರಾತ್ರಿ ನೋಡಬೇಡಿ ಅನ್ನುತ್ತೇನೆ. ದಿನವಿಡೀ ಅಪರಿಚಿತರ ಜೊತೆ ಮಾತಾಡಿದ ತಲೆಗೆ ನಿದ್ದೆ ಬೇಕು, ಮತ್ತು ಸಂಜೆಯ ಊಟಕ್ಕೆ ಯಾರಾದರೂ ಕರೆದರೆ ಎಪಿಸೋಡ್ ನೆಪ ಹೇಳಿ ತಪ್ಪಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಸ್ಪಾಯ್ಲರ್ ಭಯ ಇದ್ದರೆ ಫೋನಿನಲ್ಲಿ ಆ ಗುಂಪುಗಳನ್ನು ಮ್ಯೂಟ್ ಮಾಡಿ. ಹದಿಮೂರನೆಯ ಎಪಿಸೋಡ್ ಮಂಗಳವಾರವೂ ಅಲ್ಲೇ ಇರುತ್ತದೆ.

ಖರ್ಚಿನ ವಿಷಯಕ್ಕೆ ಬಂದರೆ, ಬೇಗ ಕೊಂಡರೆ ಟಿಕೆಟ್ ಅಗ್ಗ. ಮೈಸೂರಿನಿಂದ ದಿನವೂ ಹೋಗಿ ಬರುತ್ತೇನೆ ಅನ್ನಬೇಡಿ. ರೈಲಿನಲ್ಲಿ ಎರಡೂವರೆ ಮೂರು ಗಂಟೆ, ಅದರ ಮೇಲೆ ಮೆಜೆಸ್ಟಿಕ್ಕಿನಿಂದ ಹೊಸೂರು ರಸ್ತೆ. ಸಂಜೆ ಐದಾಗುತ್ತಲೇ ನೀವು ಗಡಿಯಾರ ನೋಡತೊಡಗುತ್ತೀರಿ, ಮಾತು ಬಿಸಿ ಏರುವುದೂ ಅದೇ ಹೊತ್ತಿಗೆ. ಗೆಳೆಯನ ಪೀಜಿಯಲ್ಲಿ ಜಾಗ ಕೇಳಿ. ಅಷ್ಟು ಆಡಿಕೊಂಡವನು ಅಷ್ಟಾದರೂ ಮಾಡಲಿ. ನಿಮ್ಮ ಕಂಪನಿಯಲ್ಲಿ ತರಬೇತಿಗೆ ಅಂತ ಇಟ್ಟ ಹಣ ಇದೆಯೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಕೇಳದವರೇ ಹೆಚ್ಚು, ಹಾಗಾಗಿ ಅದು ಉಳಿದೇ ಇರುತ್ತದೆ. ಕೈಯಲ್ಲಿ ಹಣವಿಲ್ಲದವರಿಗೆ ಪೈಕಾನ್‌ನಂಥವು ನೆರವು ಕೊಡುತ್ತವೆ, ಡೆಬ್‌ಕಾನ್ ಪ್ರಯಾಣ, ಊಟ, ವಸತಿಗೂ ಅರ್ಜಿ ಕರೆಯುತ್ತದೆ. 2023ರಲ್ಲಿ ಅದು ಕೊಚ್ಚಿಗೇ ಬಂದಿತ್ತು. ಫಾಸ್‌ಡೆಮ್‌ಗೆ ಟಿಕೆಟ್ಟೂ ಇಲ್ಲ, ನೋಂದಣಿಯೂ ಇಲ್ಲ, ಬ್ರಸೆಲ್ಸ್ ವಿಶ್ವವಿದ್ಯಾಲಯಕ್ಕೆ ನಡೆದುಕೊಂಡು ಹೋಗುವುದಷ್ಟೇ. ಆದರೆ ಫೆಬ್ರವರಿಯ ಆರಂಭದ ಚಳಿಗೆ ವಿಮಾನ ಹತ್ತಬೇಕು.

ಮೊದಲು ಸಣ್ಣ ಮಾಸಿಕ ಭೇಟಿಗೆ ಹೋಗಿ ಅಭ್ಯಾಸ ಮಾಡಿಕೊಳ್ಳಿ ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಸಂಕೋಚದವರಿಗೆ ನಾನು ಉಲ್ಟಾ ಹೇಳುತ್ತೇನೆ. ಇಪ್ಪತ್ತು ಜನರ ಕೋಣೆಯಲ್ಲಿ ಹೊಸ ಮುಖ ಎದ್ದು ಕಾಣುತ್ತದೆ, ಪರಿಚಯ ಮಾಡಿಕೊಳ್ಳಿ ಅಂತ ಮೈಕು ಕೈಗೆ ಬರುತ್ತದೆ. ಸಾವಿರ ಜನರ ಕಾನ್ಫರೆನ್ಸಿನಲ್ಲಿ ಬೇಕೆಂದಾಗ ಕಾಣಿಸಿಕೊಳ್ಳಬಹುದು, ಬೇಡವೆಂದಾಗ ಮಾಯವಾಗಬಹುದು. ದೊಡ್ಡದಕ್ಕೆ ಹೋಗಿ ಎರಡು ಮೂರು ಮುಖ ಗುರುತಾದ ಮೇಲೆ ಅವರು ಬರುವ ಮಾಸಿಕ ಭೇಟಿಗೆ ಹೋದರೆ ಆ ಕೋಣೆಯೂ ಅಷ್ಟು ಸಣ್ಣದು ಅನ್ನಿಸುವುದಿಲ್ಲ.

ಲ್ಯಾಪ್‌ಟಾಪ್ ಟಾಕ್ ದಿನಗಳಲ್ಲಿ ಬೇಡ, ಭಾರ. ಒಂದು ಪುಟ್ಟ ಪುಸ್ತಕ, ಪೆನ್ನು, ಪವರ್‌ಬ್ಯಾಂಕ್ ಸಾಕು. ಸ್ಪ್ರಿಂಟ್ ದಿನಕ್ಕೆ ತನ್ನಿ, ಮತ್ತು ಹಿಂದಿನ ರಾತ್ರಿಯೇ ಪ್ರಾಜೆಕ್ಟಿನ ಕೋಡ್, ಅದಕ್ಕೆ ಬೇಕಾದ ಪ್ಯಾಕೇಜುಗಳನ್ನೆಲ್ಲ ಇಳಿಸಿಕೊಂಡು ಒಂದು ಸಲ ಓಡಿಸಿ ನೋಡಿರಿ. ಇನ್ನೂರು ಜನ ಒಂದೇ ವೈಫೈಗೆ ಬಿದ್ದರೆ ಏನಾಗುತ್ತದೆ ಅಂತ ಟೆಸ್ಟಿಂಗ್‌ನವರಿಗೆ ನಾನು ಹೇಳಬೇಕಾಗಿಲ್ಲ.